ಜಪದ ಉಳಿದ ಅರ್ಧ

ಶವದ ಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತು. ಎಡಕ್ಕೆ ವಾಲಿಸಿದರೆ ಹಿತ್ತಾಳೆಯ ಹಿಡಿಕೆ ಚೌಕಟ್ಟಿಗೆ ತಾಗುತ್ತಿತ್ತು, ಬಲಕ್ಕೆ ವಾಲಿಸಿದರೆ ಫಿಂಟನ್‌ನ ಮೊಣಕೈ ಗೋಡೆಗೆ ಉಜ್ಜುತ್ತಿತ್ತು. ಮುಂಬಾಗಿಲಿಗೆ ಗಾಜಿನ ಪಡಸಾಲೆ ಕಟ್ಟಿಸಬೇಡ, ನಾಳೆ ಒಂದು ಮೇಜು ತರುವುದಕ್ಕೂ ಒದ್ದಾಡಬೇಕಾಗುತ್ತದೆ ಎಂದು ಅವನು ಅಕ್ಕ ಡೀಲಿಯಾಳ ಹತ್ತಿರ ಬಡಿದುಕೊಂಡಿದ್ದ. ತನ್ನ ಮಾತು ಹೀಗೆ ನಿಜವಾಗಲಿ ಎಂದು ಅವನೇನೂ ಬಯಸಿರಲಿಲ್ಲ.

“ನಿಧಾನ ಕಣ್ರೋ,” ಎಂದಳು ಪಕ್ಕದ ಮನೆಯ ಕಿಟ್ಟಿ. “ಡೀಲಿಯಾಗೆ ಅವಸರ ಇಲ್ಲದ ದಿನ ಅಂದ್ರೆ ಇವತ್ತೊಂದೇ.”

ಹೊತ್ತವರು ನಕ್ಕರು, ನಗುವಿನಲ್ಲಿ ಭುಜ ಸಡಿಲವಾಯಿತು, ಪೆಟ್ಟಿಗೆ ಹೊರಗೆ ಬಂತು. ಒಳಗೆ ಪೆಟ್ಟಿಗೆ ಇಟ್ಟಿದ್ದ ಕುರ್ಚಿಗಳನ್ನು ಕಿಟ್ಟಿ ಸಾವಿನ ಮನೆಯ ಪದ್ಧತಿಯಂತೆ ಬೋರಲು ಹಾಕಿದಳು. ಫಿಂಟನ್ ಮಾತ್ರ ನಗಲಿಲ್ಲ. ಒಬ್ಬಳೇ ಅಕ್ಕ, ಪಾಪ, ಎಂದು ಎಲ್ಲರೂ ಅವನ ಬೆನ್ನು ತಟ್ಟಿದರು. ಒಂದೊಂದು ಸಲ ತಟ್ಟಿದಾಗಲೂ ಅವನು ಕುಗ್ಗಿದ.

ಹೆಣ ಕಾಯುವ ರಾತ್ರಿಗಳಲ್ಲಿ ಇಡೀ ಊರು ಆ ಮನೆಗೆ ಬಂದು ಹೋಗಿತ್ತು. ಕೈ ಕುಲುಕಿ, ಹಣೆ ಮುಟ್ಟಿ, ಚೆನ್ನಾಗಿ ಕಾಣ್ತಾಳೆ ಎಂದು ಹೇಳಿ, ಚಹಾ ಕುಡಿದು, ಹಂದಿಮಾಂಸದ ಸ್ಯಾಂಡ್‌ವಿಚ್ ತಿಂದು ಹೋದರು. ಹೋಗುವ ಮುಂಚೆ ಎಲ್ಲರೂ ದನಿ ತಗ್ಗಿಸಿ ಅದೇ ಒಂದು ಪ್ರಶ್ನೆ ಕೇಳಿದರು. ಡೀಲಿಯಾಳ ಕಿವಿಯಲ್ಲಿ ಪಶ್ಚಾತ್ತಾಪದ ಜಪ ಯಾರಾದರೂ ಹೇಳಿದರೇ?

ಕೇಳದೆ ಇರುವುದು ಹೇಗೆ? ಅವಳ ಕೆಲಸವೇ ಅದಾಗಿತ್ತು. ಸರ್ಕಾರ ಅವಳಿಗೆ ಸಂಬಳ ಕೊಟ್ಟದ್ದು ಮುದುಕರ ಮನೆಗಳಿಗೆ ಹೋಗಿ ಒಲೆ ಹಚ್ಚಿ, ಮೈ ತೊಳೆಸಿ, ಸೂಪು ಕುಡಿಸಿ ಬರುವುದಕ್ಕೆ. ಆದರೆ ಯಾರಿಗಾದರೂ ಮೇಲುಸಿರು ಹತ್ತಿದರೆ ಜನ ಫಾದರ್‌ಗಿಂತ ಮೊದಲು ಡೀಲಿಯಾಗೆ ಫೋನು ಮಾಡುತ್ತಿದ್ದರು, ಅವಳ ಕಾರು ಬೇಗ ಬರುತ್ತಿತ್ತು. ಅವಳು ಕೋಟು ಕೂಡ ಬಿಚ್ಚದೆ ಮಂಚದ ಮೇಲೆ ಬಗ್ಗಿ, ಕಿವಿಗೆ ಬಾಯಿಟ್ಟು, ಜಪವನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತಿದ್ದಳು. ಆ ಸುತ್ತಿನ ಸತ್ತವರೆಲ್ಲ ಹೆಚ್ಚುಕಡಿಮೆ ಅವಳ ದನಿ ಕೇಳಿಕೊಂಡೇ ಹೋದವರು.

ಅವಳು ಹೋದದ್ದು ಮಾತ್ರ ರಸ್ತೆ ಬದಿಯಲ್ಲಿ, ಕಾರಿನಲ್ಲಿ ಕೂತಲ್ಲೇ, ಎದೆ ನೋವು ಬಂದು. ಒಬ್ಬ ಲಾರಿಯವನು ಪಕ್ಕದಲ್ಲಿದ್ದ ಎಂದು ಆಂಬುಲೆನ್ಸಿನವರು ಹೇಳಿದ್ದರು. ಇನ್ನೂ ಬೇಗ ಫೋನು ಬಂದಿದ್ದರೆ ಏನಾಗುತ್ತಿತ್ತೋ ಹೇಳಲಾಗುವುದಿಲ್ಲ ಎಂದೂ ಹೇಳಿದ್ದರು. ಆ ಮಾತು ಅವಳ ಮಗಳು ಒರ್ಲಾಳ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತ್ತು.

“ಬೆಳಿಗ್ಗೆ ಹೊತ್ತು ಆ ರಸ್ತೇಲಿ ನಮ್ಮೂರೋರೇ ಓಡಾಡೋದು, ಮಾವ,” ಎಂದಳು ಶವದ ಗಾಡಿಯ ಹಿಂದೆ ಕಾರಿನಲ್ಲಿ ಹೋಗುವಾಗ. “ಯಾರೋ ನೋಡಿರ್ತಾರೆ. ನೋಡಿ ಹೋಗಿರ್ತಾರೆ. ಅವರೂ ನಮ್ಮನೇಗೆ ಬಂದು ಚಹಾ ಕುಡಿದು ಹೋದ್ರು ಅಂತ ಕಾಣ್ಸುತ್ತೆ.”

ಫಿಂಟನ್ ಗಾಜು ಒರೆಸುವ ಕಡ್ಡಿಯನ್ನೇ ನೋಡುತ್ತ, ಹೂಂ ಎಂದ. ಅವನು ಆ ಮನೆಯಲ್ಲಿ ಎಷ್ಟು ಚಹಾ ಕುಡಿದಿದ್ದ ಎಂಬುದಕ್ಕೆ ಲೆಕ್ಕವಿರಲಿಲ್ಲ.

*

ಅಮ್ಮ ಸಾಯುವಾಗ ಡೀಲಿಯಾ ಅವನನ್ನೂ ಹತ್ತಿರ ಕೂರಿಸಿಕೊಂಡಿದ್ದಳು. ಅಮ್ಮ ಮುಂಜಾನೆಯಿಂದ ಕಣ್ಣು ಬಿಟ್ಟಿರಲಿಲ್ಲ. ಅಕ್ಕ ಬಗ್ಗಿ ಜಪ ಹೇಳಿ ಮುಗಿಸಿದಾಗ ಫಿಂಟನ್ ಗೋಡೆ ನೋಡುತ್ತ ಕೇಳಿದ್ದ, ಇದೆಲ್ಲ ಅವಳಿಗೆಲ್ಲಿ ಕೇಳುತ್ತೆ?

“ಕಿವಿ ಎಲ್ಲದಕ್ಕಿಂತ ಕೊನೆಗೆ ಹೋಗೋದು ಕಣೋ,” ಎಂದಿದ್ದಳು. “ಕೇಳುತ್ತೆ. ಮಧ್ಯದಲ್ಲಿ ಮಾತ್ರ ನಿಲ್ಲಿಸಬಾರದು. ಅರ್ಧ ಹೇಳಿ ಬಿಟ್ರೆ ಅರ್ಧ ದಾರೀಲಿ ಬಿಟ್ಟ ಹಾಗೆ. ನನಗೆ ನೀನು ಹೇಳಬೇಕು, ಈಗಲೇ ಬಾಯಿಪಾಠ ಮಾಡ್ಕೋ.”

ಅವನಿಗೆ ಅದು ಚಿಕ್ಕಂದಿನಿಂದ ಬಾಯಿಪಾಠವಿತ್ತು. ಆದರೂ ಅಕ್ಕ ಮತ್ತೊಮ್ಮೆ ಹೇಳಿಸಿ ಒಪ್ಪಿಸಿಕೊಂಡಳು.

*

ಊರ ಹೊರಗಿನ ತಿರುವಿನಲ್ಲಿ ಮಾತೆಯ ಗವಿ ಇದೆ. ಕಲ್ಲಿನ ಗೂಡಿನಲ್ಲಿ ನಿಂತ ಮರಿಯಮ್ಮನ ಮೇಲುಹೊದಿಕೆಗೆ ಪ್ರತಿ ಮೇ ತಿಂಗಳು ನೀಲಿ ಬಣ್ಣ ಬಳಿಯುತ್ತಿದ್ದವಳು ಡೀಲಿಯಾ. ಕೆಲಸಕ್ಕೆ ಹೋಗುವಾಗ ಅಲ್ಲಿ ಕಾರು ನಿಲ್ಲಿಸಿ, ತಲೆ ಬಗ್ಗಿಸಿ, ಒಂದಷ್ಟು ಜಪಮಣಿ ಎಣಿಸದೆ ಮುಂದೆ ಹೋದವಳಲ್ಲ. ಒಮ್ಮೆ ಫಿಂಟನ್ ತಮಾಷೆಗೆ ಹಾರ್ನ್ ಹೊಡೆದಿದ್ದ. ಅವತ್ತು ಸಂಜೆ ಅವನ ಅಂಗಳಕ್ಕೇ ಬಂದು ಉಗಿದಿದ್ದಳು. “ತಾಯಿ ಹತ್ರ ಮಾತಾಡ್ತಿರೋವಾಗ ಹಾರ್ನ್ ಹೊಡೀತೀಯಾ? ನೀನೇನು ಕುರೀನಾ, ಮನುಷ್ಯನಾ?” ಆಮೇಲೆ ಬಹಳ ದಿನ ಮಾತು ಬಿಟ್ಟಿದ್ದಳು.

ಕಳೆದ ಶುಕ್ರವಾರ ಬೆಳಿಗ್ಗೆ ಅವನು ಕುರಿಮರಿಗಳನ್ನು ಗಾಡಿಗೆ ಹೇರಿಕೊಂಡು ಸಂತೆಗೆ ಹೊರಟಿದ್ದ. ತಿರುವಿನಲ್ಲಿ ಅಕ್ಕನ ಕಾರು ಕಂಡಿತು. ಒಳಗೆ ತಲೆ ಬಗ್ಗಿತ್ತು. ಅವನು ವೇಗ ತಗ್ಗಿಸಿದ, ಟೋಪಿ ತೆಗೆದ, ಶಿಲುಬೆ ಗುರುತು ಹಾಕಿಕೊಂಡ. ದಾಟುವಾಗ ಆ ರಸ್ತೆಯಲ್ಲಿ ಎಲ್ಲರೂ ಎಲ್ಲರಿಗೂ ಮಾಡುವಂತೆ ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತಿದ. ಡೀಲಿಯಾ ಕೈ ಎತ್ತಿದಳು. ಬೆರಳಲ್ಲ, ಇಡೀ ಕೈ. ಇವತ್ತು ಒಳ್ಳೆಯ ಮೂಡಿನಲ್ಲಿದ್ದಾಳೆ ಎಂದುಕೊಂಡ.

ಜಪಕ್ಕೆ ತೊಂದರೆಯಾಗಬಾರದೆಂದು ತಿರುವು ಮುಗಿಯುವವರೆಗೂ ಮೆಲ್ಲಗೇ ಓಡಿಸಿದ. ಸಂತೆಯಲ್ಲಿ ಮರಿಗಳು ಬೇಗ ಮಾರಾಟವಾದವು. ಹೊಟ್ಟೆ ತುಂಬ ಊಟ ಮಾಡಿ, ಸೇಬಿನ ಕಡುಬನ್ನು ಎರಡನೇ ಸಲ ಹಾಕಿಸಿಕೊಂಡು ತಿನ್ನುತ್ತಿದ್ದಾಗ ಒರ್ಲಾಳ ಫೋನು ಬಂತು. ಆ ಕಡುಬಿನ ಸಿಹಿ ಇನ್ನೂ ಅವನ ಬಾಯಿಂದ ಹೋಗಿರಲಿಲ್ಲ.

*

ಚರ್ಚಿನಲ್ಲಿ ಸತ್ತವಳಿಗಾಗಿ ಬಲಿಪೂಜೆಯ ಪ್ರಾರ್ಥನೆ ಶುರುವಾಯಿತು. ಡೀಲಿಯಾ ಇಷ್ಟು ಜನರಿಗೆ ಒಳ್ಳೆಯ ಮರಣ ಕೊಟ್ಟವಳು ಎಂದು ಫಾದರ್ ಹೇಳುತ್ತಿದ್ದಂತೆ ಫಿಂಟನ್‌ಗೆ ಮುಂದಿನ ಸಾಲಿನಲ್ಲಿ ಕೂರಲಾಗಲಿಲ್ಲ. ಕೆಮ್ಮು ಬಂದವನಂತೆ ಬಾಯಿಗೆ ಕರವಸ್ತ್ರ ಒತ್ತಿ ಪಕ್ಕದ ಬಾಗಿಲಿಂದ ಹೊರಗೆ ಬಂದ.

ಗೇಟಿನ ಹತ್ತಿರ ಗೋಡೆಗೆ ಬೆನ್ನು ಕೊಟ್ಟು ಒಬ್ಬ ಭಾರಿ ಆಸಾಮಿ ನಿಂತಿದ್ದ. ಕಪ್ಪು ಟೈ, ಇಸ್ತ್ರಿ ಮಾಡಿದ ಕೋಟು. ಜಿಟಿಜಿಟಿ ಮಳೆಯಲ್ಲೂ ಟೋಪಿಯನ್ನು ಕೈಯಲ್ಲೇ ಹಿಡಿದಿದ್ದ. ನೆನೆಯಬೇಡಿ, ಒಳಗೆ ಬನ್ನಿ ಎಂದು ಫಿಂಟನ್ ಕರೆದದ್ದು ಅವನಿಗೆ ಕೇಳಿಸಲಿಲ್ಲ. ಎರಡನೇ ಸಲ ಕರೆದಾಗ ಇನ್ನೊಂದು ಕಿವಿಯನ್ನು ತಿರುಗಿಸಿದ.

“ಬರೋ ಹಾಗಿಲ್ಲ,” ಎಂದ. ಮಾತಿನ ಎಳೆತ ಉತ್ತರದ್ದು, ಗಡಿಯಾಚೆಯ ಆಂಟ್ರಿಮ್ ಕಡೆಯದು. “ನಾವು ಆ ಕಡೆ ಚರ್ಚಿನವರು, ಪ್ರಾಟೆಸ್ಟೆಂಟರು. ನಮ್ಮ ಮನೇಲಿ ಬಲಿಪೂಜೆಗೆ ಒಳಗೆ ಹೋದವರು ಯಾರೂ ಇಲ್ಲ. ಅಗೌರವ ಅಂತ ತಿಳ್ಕೋಬೇಡಿ, ಹೊರಗೆ ನಿಂತೇ ಗೌರವ ಕೊಡೋದು ನಮ್ಮ ಪದ್ಧತಿ. ನೀವು ಮನೆಯವರಾ?”

“ತಮ್ಮ.”

ಅವನು ಟೋಪಿಯನ್ನು ಇನ್ನೊಂದು ಕೈಗೆ ಬದಲಾಯಿಸಿ ಕೈ ನೀಡಿದ. ಹೆಸರು ಮರ್ವಿನ್, ಬಿತ್ತನೆ ಆಲೂಗಡ್ಡೆಯ ಲಾರಿ ಓಡಿಸುವುದು. ಶುಕ್ರವಾರ ತಾಡಪಾಲಿನ ಹಗ್ಗ ಬಿಗಿಯಲೆಂದು ಗವಿಯ ಹತ್ತಿರ ನಿಲ್ಲಿಸಿದವನಿಗೆ ಕಾರಿನೊಳಗೆ ಬೆವರಿ ಬೆಳ್ಳಗಾಗಿದ್ದ ಹೆಂಗಸು ಕಂಡಿದ್ದಳು. ಆಂಬುಲೆನ್ಸಿಗೆ ಫೋನು ಮಾಡಿ, ತನ್ನ ಕೋಟು ಹೊದಿಸಿ, ಪಕ್ಕದಲ್ಲಿ ಕೂತಿದ್ದ. ಆಮೇಲೆ ರೇಡಿಯೋದಲ್ಲಿ ಸಾವಿನ ಸುದ್ದಿ ಓದುವಾಗ ಹೆಸರು ಕೇಳಿ ಇವತ್ತು ರಜೆ ಹಾಕಿ ಬಂದಿದ್ದ.

ಫಿಂಟನ್ ಆ ದೊಡ್ಡ ಕೈಯನ್ನು ಬಿಡುವುದನ್ನೇ ಮರೆತು ಕೇಳಿಸಿಕೊಂಡ.

“ನಾನು ಬರೋಕೆ ಸ್ವಲ್ಪ ಮುಂಚೆ ಕುರಿಗಾಡಿಯವನೊಬ್ಬ ಹೋದನಂತೆ,” ಎಂದ ಮರ್ವಿನ್. “ಹಾರ್ನ್ ಹೊಡೀಬೇಡ ಅಂತ ನಾನೇ ಕಲಿಸಿದ್ದು, ಚೆನ್ನಾಗಿ ಕಲ್ತಿದಾನೆ ಅಂದ್ರು. ಅಷ್ಟು ನೋವಿನಲ್ಲೂ ನಕ್ಕರು. ನನಗೆ ತಲೆಬುಡ ಅರ್ಥ ಆಗಲಿಲ್ಲ.”

ಅವಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬೈಸಿಕೊಂಡು ಅವನಿಗೆ ಅಭ್ಯಾಸವಿತ್ತು.

“ಆ ಗಾಡಿ ನಂದೇ,” ಎಂದ ಫಿಂಟನ್.

ಒಳಗೆ ಜನ ಎದ್ದು ನಿಂತ ಸದ್ದು, ಮತ್ತೆ ಕೂತ ಸದ್ದು ಕೇಳಿಸಿತು. ಆಮೇಲೆ ಮರ್ವಿನ್ ತನ್ನ ಬೂಟು ನೋಡುತ್ತ, ನನ್ನಿಂದಲೂ ಒಂದು ತಪ್ಪಾಗಿದೆ, ಅದಕ್ಕೇ ಬಂದದ್ದು ಎಂದ.

“ಕಿವೀಲಿ ಹೇಳಿ ಅಂದ್ರು. ನನಗೆ ನಿಮ್ಮ ಜಪ ಬರಲ್ಲಮ್ಮ ಅಂದೆ. ಹಾಗಾದ್ರೆ ನಾನು ಹೇಳ್ತೀನಿ, ನೀವು ಹಿಂದೇನೇ ಅದನ್ನ ನನ್ನ ಕಿವೀಲಿ ಹೇಳಿ ಅಂದ್ರು. ಒಂದೊಂದೇ ಮಾತು ಹೇಳಿಕೊಟ್ರು. ಅರ್ಧಕ್ಕೆ ಉಸಿರು ನಿಂತುಹೋಯ್ತು. ಮುಂದೆ ಏನು ಅಂತ ನನಗೆ ಗೊತ್ತಿಲ್ಲ. ನಮ್ಮಮ್ಮ ಕಲಿಸಿದ ಕೀರ್ತನೆ ಇತ್ತು, ಅದನ್ನ ಹೇಳಿದೆ. ಆದ್ರೆ ಅವರು ಕೇಳಿದ್ದು ಅದಲ್ಲವಲ್ಲ. ಮೂರು ದಿನದಿಂದ ಲಾರಿ ಓಡಿಸುವಾಗೆಲ್ಲ ಆ ಅರ್ಧಾನೇ ಬಾಯಿಗೆ ಬರುತ್ತೆ. ಉಳಿದದ್ದು ಏನು?”

ಉದ್ದವೇನಲ್ಲ ಎಂದು ಹೇಳಲು ಫಿಂಟನ್ ಬಾಯಿ ತೆರೆದ. ಮೊದಲ ಅರ್ಧ ಮಾಡಿದ ತಪ್ಪಿಗೆ ದುಃಖಪಡುವುದು, ಎರಡನೆಯ ಅರ್ಧ ಇನ್ನು ಮುಂದೆ ಮಾಡುವುದಿಲ್ಲ ಎಂದು ಮಾತು ಕೊಡುವುದು. ಚಿಕ್ಕಂದಿನಿಂದ ಬಾಯಿಪಾಠವಿದ್ದದ್ದನ್ನು ಈಗ ಹೇಳಲಾಗಲಿಲ್ಲ. ನಾಚಿಕೆಯಿಂದ ಮುಖ ತಿರುಗಿಸಿಕೊಂಡ.

ಅಷ್ಟರಲ್ಲಿ ದೊಡ್ಡ ಬಾಗಿಲು ತೆರೆಯಿತು. ಪೆಟ್ಟಿಗೆಯನ್ನು ಗಾಲಿಮಂಚದ ಮೇಲೆ ಮೆಟ್ಟಿಲವರೆಗೆ ತಂದಿದ್ದರು. ಅಲ್ಲಿಂದ ಚರ್ಚಿನ ಹಿಂದಿನ ಸಮಾಧಿಗೆ ಹೆಗಲ ಮೇಲೆಯೇ ಹೋಗಬೇಕು. ಒರ್ಲಾ ಮಾವನನ್ನು ಹುಡುಕುತ್ತ ಗೇಟಿನವರೆಗೂ ಬಂದಳು. ಎಲ್ಲಿ ಹೋಗಿದ್ದೆ ಎಂದು ಕೇಳಿದವಳು ಪಕ್ಕದಲ್ಲಿದ್ದವನನ್ನು ನೋಡಿ, ಇವರು ಯಾರು ಎಂದಳು.

ಲಾರಿಯವರು ಎಂದಿದ್ದರೆ ಸಾಕಿತ್ತು. ಅವಳು ಅವನ ಕೈ ಹಿಡಿದು ಅಳುತ್ತಿದ್ದಳು, ಮಾತು ಅಲ್ಲಿಗೆ ಮುಗಿಯುತ್ತಿತ್ತು.

“ನಾನು ನಿಲ್ಲಿಸದೆ ಹೋದ ಮೇಲೆ ನಿಲ್ಲಿಸಿದವರು,” ಎಂದ ಫಿಂಟನ್.

ಒರ್ಲಾ ಅವನ ಮುಖವನ್ನೇ ನೋಡಿದಳು. ಮೆಟ್ಟಿಲ ಮೇಲೆ ಜನ ಯಾಕೆ ತಡ ಎಂದು ಕತ್ತು ಚಾಚಿದರು. ಕಿಟ್ಟಿ ಏನೋ ಕೇಳಲು ಬಂದವಳು ಹಾಗೆಯೇ ಹಿಂದೆ ಸರಿದಳು. ಬಾಯಿತನಕ ಬಂದ ಮಾತನ್ನು ಒರ್ಲಾ ನುಂಗಿಕೊಂಡದ್ದು ಫಿಂಟನ್‌ಗೆ ಕಂಡಿತು, ಅದು ಏನೆಂಬುದೂ ತಿಳಿಯಿತು.

“ತಲೆ ಕಡೆಗೆ ಇಬ್ಬರು ಬೇಕು,” ಎಂದಳು ಕೊನೆಗೆ. “ಇವರು ಎಡಕ್ಕೆ, ನೀನು ಬಲಕ್ಕೆ. ನಿನ್ನ ಹತ್ರ ಆಮೇಲೆ ಮಾತಾಡ್ತೀನಿ, ಮಾವ.”

ಪೆಟ್ಟಿಗೆ ಹೆಗಲಿಗೇರಿತು. ಅದರಡಿಯಲ್ಲಿ ಇಬ್ಬರೂ ಒಬ್ಬರ ಭುಜದ ಮೇಲೆ ಒಬ್ಬರು ಕೈ ಹಾಕಿ ಹಿಡಿದುಕೊಂಡರು. ಕಾಲಡಿಯ ಜಲ್ಲಿ ಕರಕರ ಎಂದಿತು. ಫಿಂಟನ್‌ನ ಕೆನ್ನೆ ಒದ್ದೆ ಮರಕ್ಕೆ ಒತ್ತಿತ್ತು. ಆಚೆ ಬದಿಯಲ್ಲಿ ಮರ್ವಿನ್‌ನ ಕೆನ್ನೆಯೂ ಒತ್ತಿತ್ತು. ನಡುವೆ ಡೀಲಿಯಾಳ ತಲೆ.

“ಈಗ ಹೇಳಿ,” ಎಂದ ಮರ್ವಿನ್. “ಸ್ವಲ್ಪ ಜೋರಾಗಿ. ನನಗೆ ಈ ಕಿವಿ ಮಂದ.”

ಫಿಂಟನ್ ಮರದ ಕಡೆಗೆ ಮುಖ ತಿರುಗಿಸಿ, ತುಟಿ ತಾಗುವಷ್ಟು ಹತ್ತಿರದಿಂದ, ಉಳಿದ ಅರ್ಧವನ್ನು ಶುರುಮಾಡಿದ. ಅವನು ಒಂದೊಂದೇ ಮಾತು ಹೇಳಿದಂತೆ ಆಚೆ ಬದಿಯಿಂದ ಆ ಉತ್ತರದ ದನಿ, ತಪ್ಪು ತಪ್ಪಾಗಿ, ಒಂದೊಂದೇ ಮಾತನ್ನು ಮರಕ್ಕೆ ಹೇಳುತ್ತ ಬಂತು.