ಅಕ್ಷರಕ್ಕನ ತಳಮಳ

ಒಂಬತ್ತು ಹಸಿರು, ಒಂದು ಕೆಂಪು. ಅಕ್ಷರಕ್ಕ ಮತ್ತೆ ಗುಂಡಿ ಒತ್ತಿದಳು. ಮತ್ತದೇ ಒಂಬತ್ತು ಹಸಿರು, ಅದೇ ಒಂದು ಕೆಂಪು. ಏನೂ ತಿದ್ದದೆ ಸುಮ್ಮನೆ ಒತ್ತುತ್ತಾ ಇದ್ದರೆ ಕಂಪ್ಯೂಟರಿಗೇ ಬೇಜಾರಾಗಿ ಯಾವಾಗಲಾದರೂ ಹಸಿರಾಗಿಬಿಡಬಹುದು ಅನ್ನೋ ಆಸೆ ಬೆಳಿಗ್ಗೆ ಇತ್ತು. ಊಟದ ಡಬ್ಬಿ ಮುಚ್ಚೋ ಹೊತ್ತಿಗೆ ಆಸೆ ಹೋಗಿ ಒತ್ತೋ ಚಟ ಮಾತ್ರ ಉಳಿದಿತ್ತು.

ಕೋಡಿಂಗ್ ಕೋರ್ಸಿನವರು ಕೇಳಿದ್ದೇನು ಬ್ರಹ್ಮವಿದ್ಯೆಯಲ್ಲ. ಒಂದು ಪದ ಕೊಡ್ತಾರೆ. ಅದರಲ್ಲಿ ಯಾವುದಾದರೂ ಅಕ್ಷರ ಮತ್ತೆ ಬಂದಿದ್ದರೆ ‘ಹೌದು’ ಅನ್ನಬೇಕು, ಬಂದಿಲ್ಲದಿದ್ದರೆ ‘ಇಲ್ಲ’ ಅನ್ನಬೇಕು. ಗುಣಿತದ ಕೊಂಬು, ಒತ್ತಿನ ಬಾಲ ಏನೂ ಇಲ್ಲದ ಬೋಳು ಪದಗಳು ಮಾತ್ರ. ಕನಕ ಅಂದರೆ ಹೌದು. ಕಮಲ ಅಂದರೆ ಇಲ್ಲ. ಇದನ್ನು ನೋಡಿ ಹೇಳೋಕೆ ಎರಡನೇ ಕ್ಲಾಸಿನ ಮಗು ಸಾಕು. ಆದರೆ ನೋಡಿ ಹೇಳೋದು ಹೇಗೆ ಅಂತ ಕಂಪ್ಯೂಟರಿಗೆ ಹೇಳಿಕೊಡಬೇಕಲ್ಲ, ಅಲ್ಲೇ ಇರೋದು ಎಡವಟ್ಟು. ಅವಳು ಬರೆದ ಪ್ರೋಗ್ರಾಮಿಗೆ ಅವರು ಹತ್ತು ಪದ ಕೊಟ್ಟು ಪರೀಕ್ಷೆ ಮಾಡ್ತಿದ್ದರು, ಸರಿಯಾದ ಪದಕ್ಕೆ ಹಸಿರು, ತಪ್ಪಿದ್ದಕ್ಕೆ ಕೆಂಪು. ಯಾವ ಪದ ಕೆಂಪಾಯ್ತು ಅಂತ ಮಾತ್ರ ಹೇಳುತ್ತಿರಲಿಲ್ಲ. ತಪ್ಪಿದೆ ಅಂತಾರೆ, ಎಲ್ಲಿ ಅಂದರೆ ಬಾಯಿ ಬಿಡಲ್ಲ. ಥೇಟ್ ಅವಳ ಅತ್ತೆ.

ಅಕ್ಷರಕ್ಕ ಅನ್ನೋದು ಹೆತ್ತವರು ಇಟ್ಟ ಹೆಸರಲ್ಲ, ಹೊಟ್ಟೆಪಾಡು ಇಟ್ಟಿದ್ದು. ಬಾಡಿಗೆಗೆ ಕೊಡೋ ದೊಡ್ಡ ಸಭಾಭವನ. ಅದರ ಮುಂಬಾಗಿಲ ಪಕ್ಕದ ಗೋಡೆಯಲ್ಲಿ ಆಳೆತ್ತರದ ಕರಿ ಬೋರ್ಡು. ಬೋರ್ಡಿನಲ್ಲಿ ಅಡ್ಡಕ್ಕೆ ಕೊರೆದ ಸಾಲುಗಳು, ಆ ಸಾಲುಗಳಿಗೆ ಬಿಳಿ ಪ್ಲಾಸ್ಟಿಕ್ ಅಕ್ಷರ ಸಿಕ್ಕಿಸಿದರೆ ಇವತ್ತಿನ ಕಾರ್ಯಕ್ರಮ ಏನು ಅಂತ ಬೀದಿಗೆಲ್ಲ ಗೊತ್ತಾಗುತ್ತೆ. ಮದುವೆಯಾದ ವರ್ಷದಿಂದ ಅವಳು ಸ್ಟೂಲು ಹತ್ತಿ ಅಕ್ಷರ ಇಳಿಸೋದು, ಅಕ್ಷರ ಏರಿಸೋದು ಮಾಡ್ತಾ ಬಂದಿದ್ದಳು. ಮಂತ್ರಿಗಳ ಹೆಸರನ್ನೂ ಅವಳೇ ಇಳಿಸಿದ್ದಾಳೆ. ಅದಕ್ಕೆ ಚುನಾವಣೆ ಬೇಕಾಗಿರಲಿಲ್ಲ.

ಈಗ ಇಳಿಯೋ ಸರದಿ ಬೋರ್ಡಿನದೇ. ಆ ಜಾಗಕ್ಕೆ ದೊಡ್ಡ ಸ್ಕ್ರೀನು ಬರ್ತಿದೆ. ಸ್ಕ್ರೀನು ನೋಡಿಕೊಳ್ಳೋರು ಕೋಡಿಂಗಿನ ಮೊದಲ ಕೋರ್ಸು ಪಾಸಾಗಿರಬೇಕು ಅಂತ ಮೇಲಿನವರ ಆಜ್ಞೆ. ನಾಲ್ಕು ಸಾಲು ಟೈಪ್ ಮಾಡೋಕೆ ಕೋಡಿಂಗ್ ಯಾಕೆ ಸಾರ್ ಅಂತ ಕೇಳಿದ್ದಕ್ಕೆ ಮ್ಯಾನೇಜರು, ಕಾಲ ಬದಲಾಗಿದೆ ಅಂದಿದ್ದರು. ಉತ್ತರ ಗೊತ್ತಿಲ್ಲದ ಪ್ರಶ್ನೆಗೆಲ್ಲ ಅವರ ಹತ್ತಿರ ಇದ್ದ ಉತ್ತರ ಅದೊಂದೇ. ಕೋರ್ಸಿಗೆ ಸೇರಿದವರು ಇಬ್ಬರು: ಅಕ್ಷರಕ್ಕ ಮತ್ತು ಮ್ಯಾನೇಜರ ಭಾವಮೈದ. ಭಾವಮೈದ ಹೋದ ವಾರವೇ ಪಾಸಾಗಿ, ಕೋಡಿಂಗ್ ಮುಗಿಸಿ ಕೋಡು ಮೂಡಿಸಿಕೊಂಡು ಓಡಾಡ್ತಿದ್ದ. ಇವತ್ತು ಸಂಜೆಯೊಳಗೆ ಈ ಕೊನೇ ಅಭ್ಯಾಸ ಮುಗಿಸಿದರೆ, ಹಳಬಳು ಅಂತ ಸ್ಕ್ರೀನು ಅವಳ ಕೈಗೆ. ಇಲ್ಲದಿದ್ದರೆ ಭಾವಮೈದನ ಕೈಗೆ. ಅವಳು ಬ್ಯಾಗ್ ಕೌಂಟರಿಗೆ. ಬಂದವರ ಚೀಲ ಇಸ್ಕೊಂಡು ಬಿಲ್ಲೆ ಕೊಡೋದು, ಬಿಲ್ಲೆ ಇಸ್ಕೊಂಡು ಚೀಲ ಕೊಡೋದು. ಅದರಲ್ಲಿ ತಪ್ಪೇನಿಲ್ಲ, ಆದರೆ ಅಲ್ಲಿ ಓದೋಕೆ ಬಿಲ್ಲೆ ಮೇಲಿನ ನಂಬರು ಬಿಟ್ಟರೆ ಇನ್ನೇನೂ ಇಲ್ಲ. ದಿನಾ ಬೆಳಿಗ್ಗೆ ಬೀದಿಗೆ ಮೊದಲ ಮಾತು ಆಡ್ತಿದ್ದವಳು ಚೀಲಗಳ ಜೊತೆ ಮೂಕಿಯಾಗಿ ಕೂರಬೇಕು.

ಟಿಕೆಟ್ ಕೌಂಟರಿನ ಹಳೇ ಕಂಪ್ಯೂಟರಿನ ಮುಂದೆ ಕೂತು ಫೋನು ಕಿವಿಗೊತ್ತಿಕೊಂಡು ಅವಳು ನಾದಿನಿಯನ್ನು ಕೇಳಿದಳು. ನಾದಿನಿ ಔಷಧಿ ಅಂಗಡಿಯಲ್ಲಿ ಬಿಲ್ಲು ಹಾಕೋಳು. ಈ ಕೋರ್ಸನ್ನು ಎಂದೋ ಮುಗಿಸಿ ಮರೆತವಳು. ಗಿರಾಕಿಗೆ ಚಿಲ್ಲರೆ ಕೊಡ್ತಾ ಕೊಡ್ತಾನೇ ಒಂದೇ ಸಾಲಿನ ಉತ್ತರ ಒದರಿದಳು. ಬರ್ಕೋ ಅತ್ತಿಗೆ, ಮುಗೀತು, ಇದಕ್ಯಾಕೆ ದಿನವಿಡೀ ಒದ್ದಾಡ್ತೀಯ ಅಂದಳು. ಅದು ಯಾಕೆ ಹಾಗೆ ಅಂತ ಅತ್ತಿಗೆ ಕೇಳಿದರೆ, ಯಾಕೆ ಅಂತ ನಂಗೂ ಗೊತ್ತಿಲ್ಲ, ಆಗುತ್ತೆ ಅಷ್ಟೆ ಅಂತ ಫೋನಿಟ್ಟಳು.

ಅಷ್ಟೆ ಅನ್ನೋ ಹಾಗಿದ್ದರೆ ಕಷ್ಟವೇ ಇರ್ತಿರಲಿಲ್ಲ. ಕಳಿಸಿದ ಮೇಲೆ ಕೋರ್ಸಿನ ಮೇಷ್ಟ್ರು ಫೋನ್ ಮಾಡಿ, ಈ ಸಾಲು ಯಾಕೆ, ಆ ಸಾಲು ಯಾಕೆ ಅಂತ ಬಾಯಲ್ಲಿ ಹೇಳಿಸ್ತಾರೆ. ಎರವಲು ತಂದ ಸಾಲು ಅಲ್ಲಿ ಬಾಯಿಗೆ ಬರಲ್ಲ. ಅಕ್ಷರಕ್ಕ ನಾದಿನಿಯ ಸಾಲನ್ನು ಅಳಿಸಿ ತನ್ನದನ್ನೇ ಮತ್ತೆ ಎದುರಿಗೆ ಹರಡಿಕೊಂಡಳು.

ಅವಳದರಲ್ಲಿ ಮುಚ್ಚುಮರೆ ಏನಿರಲಿಲ್ಲ. ಬೋರ್ಡಿನ ಮುಂದೆ ಅವಳು ಹೇಗೆ ನಿಲ್ತಿದ್ದಳೋ ಹಾಗೇ ಬರೆದಿದ್ದಳು. ಸಾಲಿನ ಮೊದಲ ಅಕ್ಷರ ಕಿತ್ತು ಕೈಯಲ್ಲಿ ಹಿಡ್ಕೋ. ಉಳಿದವುಗಳಲ್ಲಿ ಅದರ ಜೋಡಿ ಇದೆಯಾ ನೋಡು. ಇದ್ದರೆ ಹೌದು ಅನ್ನು. ಇಲ್ಲದಿದ್ದರೆ ಕಿತ್ತಿದ್ದನ್ನು ಪೆಟ್ಟಿಗೆಗೆ ಹಾಕು, ಮುಂದಿನದಕ್ಕೆ ಹೋಗು. ನೋಡಿದ ಅಕ್ಷರವನ್ನು ಬೋರ್ಡಿನ ಮೇಲೆ ಬಿಡೋದು ಅವಳ ಜಾಯಮಾನದಲ್ಲೇ ಇರಲಿಲ್ಲ. ಬಿಟ್ಟರೆ ಎಲ್ಲಿವರೆಗೆ ಬಂದೆ ಅನ್ನೋದೇ ಮರೆತುಹೋಗುತ್ತೆ.

ಅಷ್ಟರಲ್ಲಿ ಮ್ಯಾನೇಜರು ಕಿಟಕಿಯಲ್ಲಿ ತಲೆ ತೂರಿಸಿ, ನಾಳೆಯ ಬೋರ್ಡು ಅರ್ಧಕ್ಕೇ ನಿಂತಿದೆಯಲ್ಲಮ್ಮ ಅಂದರು. ನಾಳೆ ನಿದ್ರಾಹೀನತೆ ತಜ್ಞರ ಸಮ್ಮೇಳನ. ಬೆಳಿಗ್ಗೆ ಅವಳು ‘ನಿದ್ರಾ’ ಅಂತ ಏರಿಸಿ ಕಂಪ್ಯೂಟರಿಗೆ ಬಂದು ಕೂತವಳು ಏಳಲೇ ಇಲ್ಲ. ಬೀದಿಯಲ್ಲಿ ಹೋಗೋರೆಲ್ಲ ಬೋರ್ಡು ನೋಡಿ ಆಕಳಿಸಿಕೊಂಡು ಹೋಗ್ತಿದ್ದರು. ಹಾಕ್ತೀನಿ ಸಾರ್ ಅಂದಳು. ಸಂಜೆ ಮೇಲಿನವರಿಗೆ ಹೆಸರು ಕಳಿಸಬೇಕು, ನೆನಪಿದೆ ತಾನೇ ಅಂತ ಅವರು ತಲೆ ಹಿಂದಕ್ಕೆ ತಗೊಂಡರು. ಕಳಿಸೋ ಹೆಸರು ಯಾವುದು ಅಂತ ಅವರ ಮುಖದಲ್ಲೇ ಟೈಪ್ ಆಗಿತ್ತು.

ಅಕ್ಷರಕ್ಕ ಬಾಯಿಗೆ ಬಂದ ಪದವನ್ನೆಲ್ಲ ಹೊಡೆದು ನೋಡಿದಳು. ಸರಸ, ಹೌದು. ನಯನ, ಹೌದು. ಗಗನ, ಹೌದು. ಅಗಸ, ಇಲ್ಲ. ನಗರ, ಇಲ್ಲ. ಗರಗಸ, ಹೌದು. ಎಲ್ಲ ಸರಿಯಾಗೇ ಹೇಳ್ತಿತ್ತು ದರಿದ್ರದ್ದು. ತಪ್ಪು ಹೇಳಿದರೆ ತಿದ್ದಬಹುದು. ಎದುರಿಗೆ ಒಳ್ಳೆಯವರ ಥರ ಇದ್ದು ಹಿಂದಿನಿಂದ ಎಡವೋರನ್ನು ಏನು ಮಾಡೋದು? ಅವಳು ಕೀಬೋರ್ಡನ್ನು ಎತ್ತಿ ಬೋರಲು ಮಾಡಿ ಕೊಡವಿದಳು. ಯಾವ ಕಾಲದ್ದೋ ಬಿಸ್ಕತ್ತಿನ ಪುಡಿ ಉದುರಿತು, ಉತ್ತರ ಉದುರಲಿಲ್ಲ.

ಬೀಗದಣ್ಣ ಬಂದು ಬಾಗಿಲಿಗೆ ಒರಗಿ ನಿಂತ. ಭವನದ ಕಾವಲುಗಾರ, ಸೊಂಟದಲ್ಲಿ ಬೀಗದ ಕೈ ಗೊಂಚಲು. ಜೀವಮಾನವೆಲ್ಲ ಬೀಗ ಹಾಕಿದವನೇ ಹೊರತು ಬೀಗಿದವನಲ್ಲ. ಅವಳು ಕುರ್ಚಿಯಿಂದ ಏಳೋದು, ಕೂರೋದು, ಕೂದಲು ಬಿಚ್ಚಿ ಮತ್ತೆ ಗಂಟು ಹಾಕೋದು ನೋಡಿ ಅವನಿಗೇ ಸುಸ್ತಾಗಿತ್ತು.

“ಯಾಕ್ ತಂಗಿ ಇಷ್ಟು ತಳಮಳ? ಒಂದು ಟೀ ಕುಡಿದು ಬಾ.”

ಟೀ ಬೇಡ ಅನ್ನೋಕೆ ತಿರುಗಹೊರಟವಳು ಅರ್ಧಕ್ಕೇ ನಿಂತಳು. ಬೆಳಿಗ್ಗೆಯಿಂದ ಸಿಕ್ಕಿದ್ದನ್ನೆಲ್ಲ ಹೊಡೆಯೋ ಅಭ್ಯಾಸವಾಗಿದ್ದ ಬೆರಳು ತಾನಾಗೇ ಅದನ್ನೂ ಹೊಡೆದಿತ್ತು. ತಳಮಳ. ಕಂಪ್ಯೂಟರು ‘ಇಲ್ಲ’ ಅಂತು.

ಇಲ್ಲವೇ? ಎರಡೆರಡು ಳ ಕಣ್ಣಿಗೆ ಹೊಡೆಯೋ ಹಾಗಿದೆ. ಅಕ್ಷರಕ್ಕ ಕಳವಳ ಅಂತ ಹೊಡೆದಳು. ಇಲ್ಲ. ಇದಕ್ಕೆ ಳ ಅಂದರೇ ಆಗಲ್ಲವೇನೋ ಅಂತ ಗಡಬಡ ಹೊಡೆದಳು. ಅದಕ್ಕೂ ಇಲ್ಲ. ಚಡಪಡ, ಇಲ್ಲ. ಗಡಗಡ ಅಂದರೆ ಹೌದು, ಲಬಲಬ ಅಂದರೆ ಹೌದು. ನಡುಗೋದು ತಿಳಿಯುತ್ತೆ, ಬಾಯಿ ಬಡ್ಕೊಳ್ಳೋದು ತಿಳಿಯುತ್ತೆ, ಒಳಗಿನ ಸಂಕಟ ಒಂದೂ ತಿಳಿಯಲ್ಲ. ಇದನ್ನು ಮಾಡಿದವನು ಗಂಡಸೇ ಇರಬೇಕು ಅಂತ ಅವಳು ಗೊಣಗಿದಳು. ಬೀಗದಣ್ಣ ತನಗೆ ಹೇಳಿದ್ದು ಅಂದುಕೊಂಡು ಟೀ ತರೋಕೆ ಹೋದ.

ತಪ್ಪು ಸಿಕ್ಕಿತು, ಕಾರಣ ಸಿಗಲಿಲ್ಲ. ಸಿಟ್ಟಿಗೆ ಅವಳು ಸೀದಾ ಬೋರ್ಡಿನ ಹತ್ತಿರ ಹೋಗಿ, ಕೆಳಗಿನ ಖಾಲಿ ಸಾಲಿನಲ್ಲಿ ತ, ಳ, ಮ, ಳ ಸಿಕ್ಕಿಸಿದಳು. ಪ್ರೋಗ್ರಾಮಿನಲ್ಲಿ ಬರೆದ ಹಾಗೇ ಮಾಡಿದಳು. ತ ಕಿತ್ತು ಕೈಯಲ್ಲಿ ಹಿಡಿದಳು, ಜೋಡಿ ಇಲ್ಲ, ಪೆಟ್ಟಿಗೆಗೆ ಹಾಕಿದಳು. ಮುಂದಿನ ಳ ಕಿತ್ತಳು. ಕೊನೆಯಲ್ಲಿ ಇನ್ನೊಂದು ಳ ಕೂತಿತ್ತು. ಹೌದು. ಬೋರ್ಡಿನಲ್ಲಿ ಹೌದು ಆಗೋದು ಒಳಗೆ ಹೋದರೆ ಇಲ್ಲ ಆಗುತ್ತೆ. ಅವಳಿಗೆ ಅಳು ಬರೋ ಹಾಗಾಯಿತು. ಅತ್ತರೆ ನಿದ್ರಾ ಅನ್ನೋ ಬೋರ್ಡಿನ ಕೆಳಗೆ ಅಳೋ ಹೆಂಗಸು ಅಂತ ಬೀದಿಯವರು ಇನ್ನೇನೋ ಅರ್ಥ ಮಾಡ್ಕೊಳ್ತಾರೆ ಅಂತ ತಡೆದುಕೊಂಡಳು.

ಅನುಮಾನ ಬಂದ ಕಡೆಯೆಲ್ಲ, ಏನು ನಡೀತಿದೆ ಅಂತ ಕಂಪ್ಯೂಟರಿನಿಂದಲೇ ಬರೆಸಿ ನೋಡಿ ಅಂತ ಮೇಷ್ಟ್ರು ಒಂದು ಪಾಠದಲ್ಲಿ ಹೇಳಿದ್ದರು. ಕೆಲಸ ಹೆಚ್ಚು ಅಂತ ಅವಳು ಅದನ್ನು ಮಾಡೋ ಗೋಜಿಗೆ ಹೋಗಿರಲಿಲ್ಲ. ಈಗ ಒಳಗೆ ಬಂದು, ನೀನು ಕಿತ್ತ ಅಕ್ಷರ ಹೇಳು, ಉಳಿದಿದ್ದು ಹೇಳು ಅಂತ ಎರಡು ಸಾಲು ಸೇರಿಸಿದಳು. ಕಂಪ್ಯೂಟರು ಬರೆಯಿತು: ಕಿತ್ತಿದ್ದು ತ, ಉಳಿದಿದ್ದು ಳಮಳ. ಕಿತ್ತಿದ್ದು ಮ, ಉಳಿದಿದ್ದು ಳಳ. ಅಲ್ಲಿಗೆ ಮುಗಿಯಿತು.

ತ ಆದ ಮೇಲೆ ಮ? ನಡುವಿನ ಳ ಎಲ್ಲಿ? ಬೀಗದಣ್ಣ ಟೀ ಲೋಟ ಪಕ್ಕಕ್ಕಿಟ್ಟು ಹೋದದ್ದು ಅವಳಿಗೆ ಗೊತ್ತಾಗಲಿಲ್ಲ. ಮತ್ತೆ ಬೋರ್ಡಿಗೆ ಓಡಿದಳು. ಮತ್ತೆ ನಾಲ್ಕು ಅಕ್ಷರ ಸಿಕ್ಕಿಸಿದಳು. ತ ಕಿತ್ತಳು. ಕಿತ್ತ ಜಾಗ ಹಲ್ಲು ಬಿದ್ದ ಬಾಯಿ ಥರ ಖಾಲಿ ಇತ್ತು. ಕಂಪ್ಯೂಟರು ಬರೆದ ಸಾಲಿನಲ್ಲಿ ಈ ಖಾಲಿ ಇರಲಿಲ್ಲ. ಅಲ್ಲಿ ಳಮಳ ಒತ್ತಾಗಿ ಮೊದಲಿನಿಂದಲೇ ಕೂತಿತ್ತು. ಅವಳು ಅಂಗೈ ಇಟ್ಟು ಉಳಿದ ಮೂರನ್ನೂ ಎಡಕ್ಕೆ ತಳ್ಳಿದಳು. ಸಾಲಿನಲ್ಲಿ ಅವು ಕಿರ್ ಅಂತ ಜಾರಿದವು. ಎರಡನೆಯ ಜಾಗದಲ್ಲಿದ್ದ ಳ ಈಗ ಮೊದಲನೆಯ ಜಾಗಕ್ಕೆ ಬಂತು. ಮೊದಲನೆಯ ಜಾಗ ನೋಡಿ ಆಯಿತಲ್ಲ, ಇನ್ನು ಎರಡನೆಯದು ಅಂತ ಹೋದ ಕಂಪ್ಯೂಟರಿಗೆ ಅಲ್ಲಿ ಸಿಕ್ಕಿದ್ದು ಮ.

ಅವಳ ಬೋರ್ಡಿನಲ್ಲಿ ಇಷ್ಟು ವರ್ಷ ಯಾವ ಅಕ್ಷರ ಇಳಿದರೂ ಅದರ ಜಾಗ ಖಾಲಿ ಇರ್ತಿತ್ತು. ಇಳಿದಿದ್ದು ದಾರಿಯಲ್ಲಿ ಹೋಗೋರಿಗೂ ಕಾಣ್ತಿತ್ತು. ಕಂಪ್ಯೂಟರಿನೊಳಗೆ ಒಬ್ಬರು ಇಳಿದ ತಕ್ಷಣ ಉಳಿದವರೆಲ್ಲ ಒಂದು ಹೆಜ್ಜೆ ಮುಂದೆ ಬಂದು, ಇಲ್ಲಿ ಯಾರೂ ಇರಲೇ ಇಲ್ಲ ಅನ್ನೋ ಹಾಗೆ ನಿಂತುಬಿಡ್ತಾರೆ. ಅಕ್ಷರಕ್ಕ ತ ಅನ್ನು ಪೆಟ್ಟಿಗೆಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಒಳಗೆ ಹೋದಳು.

ತಿದ್ದೋದಕ್ಕೆ ಟೀ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ಕೀಳೋ ಸಾಲನ್ನೇ ಕಿತ್ತುಹಾಕಿದಳು. ಒಂದೊಂದು ಅಕ್ಷರದ ಎದುರೂ ನಿಲ್ಲು, ಇದು ಇಡೀ ಪದದಲ್ಲಿ ಎಷ್ಟು ಸಲ ಇದೆ ಎಣಿಸು, ಒಂದಕ್ಕಿಂತ ಹೆಚ್ಚಿದ್ದರೆ ಹೌದು ಅನ್ನು. ಗುಂಡಿ ಒತ್ತಿದಳು. ಹತ್ತೂ ಹಸಿರು. ನಂಬಿಕೆ ಬರದೆ ತಳಮಳ ಹೊಡೆದಳು, ಹೌದು. ಕಳವಳ, ಹೌದು. ಕಮಲ, ಇಲ್ಲ. ಖುಷಿ ಆಗಬೇಕಿತ್ತು. ಇಷ್ಟಕ್ಕೆ ಒಂದು ಇಡೀ ದಿನ ತಿಂದೆಯಲ್ಲೇ ಅಂತ ಕಂಪ್ಯೂಟರಿನ ತಲೆಗೊಂದು ಮೊಟಕಬೇಕು ಅನ್ನಿಸಿತು, ಆಮೇಲೆ ತನ್ನದಕ್ಕೇ ಅನ್ನಿಸಿತು.

ಕಳಿಸಿದ ಸ್ವಲ್ಪ ಹೊತ್ತಿಗೆ ಮೇಷ್ಟ್ರ ಫೋನು ಬಂತು. ದನಿ ಕೇಳಿದರೆ ಇನ್ನೂ ಮೀಸೆ ಮೂಡಿರದ ಮೇಷ್ಟ್ರು. ನಿಮ್ಮ ಮೊದಲಿನ ಪ್ರಯತ್ನಗಳೂ ನಮಗೆ ಕಾಣುತ್ತೆ ಮೇಡಂ, ಬೆಳಿಗ್ಗೆಯಿಂದ ಅದನ್ನೇ ಎಷ್ಟೊಂದು ಸಲ ಒತ್ತಿದ್ದೀರಿ ಅಂತ ನಕ್ಕರು. ಆಮೇಲೆ, ಮೊದಲು ಅಕ್ಷರ ತೆಗೀತಿದ್ದೋರು ಈಗ ಯಾಕೆ ತೆಗೀತಿಲ್ಲ ಅಂತ ಕೇಳಿದರು.

“ತೆಗೆದ್ರೆ ಉಳಿದಿದ್ದೆಲ್ಲ ಜರುಗುತ್ತೆ ಸಾರ್. ಜರುಗಿದ್ರೆ ಒಂದನ್ನ ನಾನು ನೋಡ್ದೇನೇ ದಾಟಿಬಿಡ್ತೀನಿ. ಅದಕ್ಕೇ ಎಲ್ಲಾ ಇದ್ದಲ್ಲೇ ಇರ್ಲಿ ಅಂತ ಬಿಟ್ಟೆ. ನಾನು ನೋಡ್ಕೊಂಡು ಹೋಗ್ತೀನಿ, ಅಷ್ಟೆ.”

“ಸರಿಯಾಗಿದೆ ಮೇಡಂ. ಎಲ್ಲರೂ ಮಾಡೋ ತಪ್ಪೇ ಇದು.”

ಬೋರ್ಡಿನ ಮುಂದೆ ಸವೆಸಿದ ಇಷ್ಟು ವರ್ಷದ ಅಭ್ಯಾಸ ಕಲಿಸಿದ ತಪ್ಪು, ತನ್ನದೇ ಸ್ವಂತ ತಪ್ಪು ಅಂದುಕೊಂಡಿದ್ದಳು. ಅದೂ ಎಲ್ಲರದಾಯಿತು. ಪಾಸು ಅನ್ನೋ ಸಾಲು ಪರದೆಯ ಮೂಲೆಯಲ್ಲಿ ಸಣ್ಣಗೆ ಮೂಡಿತು. ಅವಳು ಅದನ್ನು ಮ್ಯಾನೇಜರಿಗೆ ತೋರಿಸಿದಳು. ಅವರು ಕನ್ನಡಕ ಹಾಕಿ ಓದಿದರು, ಕನ್ನಡಕ ತೆಗೆದು ಇನ್ನೊಮ್ಮೆ ಓದಿದರು. ಹೇಗೆ ಓದಿದರೂ ಅದು ಭಾವಮೈದನ ಹೆಸರಾಗಲಿಲ್ಲ. ಸರಿ, ಕಳಿಸ್ತೀನಿ ಅಂದರು. ಅವಳು ಎದುರಿನ ಕುರ್ಚಿಯಲ್ಲಿ ಕೂತಳು. ಅವರು ಕಳಿಸೋವರೆಗೂ ಏಳಲಿಲ್ಲ.

ಹೊರಗೆ ಬಂದು ಕೆಳಗಿನ ಸಾಲಿನ ಳಮಳ ಇಳಿಸಿ, ಸ್ಟೂಲು ಹತ್ತಿ ‘ನಿದ್ರಾ’ದ ಮುಂದೆ ಉಳಿದಿದ್ದನ್ನೆಲ್ಲ ಏರಿಸಿದಳು. ಬೀದಿಯಲ್ಲಿ ಇಳಿಬಿಸಿಲು. ಇಳಿಯೋ ಹೊತ್ತಿಗೆ ವ್ಯಾನಿನಿಂದ ಇಬ್ಬರು ಇಳಿದು ಬಂದರು, ಸ್ಕ್ರೀನಿನ ಕಂಪನಿಯವರು, ಗೋಡೆ ಅಳೆಯೋಕೆ. ಒಬ್ಬ ಜೇಬಿನಿಂದ ಟೇಪು ತೆಗೆದು ಸುತ್ತ ನೋಡಿದ. ಜೊತೆಯವನು ಆಗಲೇ ಏಣಿ ಹಾಕೋಕೆ ಆ ಕಡೆ ಹೋಗಿದ್ದ.

“ಅಕ್ಕಾ, ಈ ತುದಿ ಸ್ವಲ್ಪ ಹಿಡ್ಕೊಳ್ತೀರಾ?”

ಅಕ್ಷರಕ್ಕ ಸೆರಗಿಗೆ ಕೈ ಒರೆಸಿಕೊಂಡು ಟೇಪಿನ ತುದಿಯನ್ನು ಗೋಡೆಗೆ ಒತ್ತಿ ಹಿಡಿದಳು. ಅವನು ಟೇಪು ಎಳೆದುಕೊಂಡು ಬೋರ್ಡಿನ ಆಚೆ ತುದಿ ದಾಟಿ, ಇನ್ನೂ ಆಚೆಗೆ ಹೋದ. ನಡುವೆ ಟೇಪು ಜೋತು ಬಿದ್ದು ಗಾಳಿಗೆ ಪಟಪಟ ಅಂತಿತ್ತು. ಬಿಗಿಯಾಗಿ ಹಿಡೀರಿ ಅಂತ ಅವನು ಅಲ್ಲಿಂದ ಕೂಗಿದ. ಅವಳು ಹೆಬ್ಬೆರಳಿಗೆ ಬಲ ಕೊಟ್ಟಳು, ಉಗುರು ಬೆಳ್ಳಗಾಯಿತು. ಹಳದಿ ಪಟ್ಟಿ ಅಕ್ಷರಗಳ ಮೇಲೆ ನೆಟ್ಟಗೆ ನಿಂತಿತು.