ಅತ್ತೆಯ ಜಡೆಯ ಪದಕ

ಸತ್ತವರ ಕೂದಲನ್ನು ಗಾಜಿನಡಿ ಹೆಣೆದು ಮನೆಯವರು ಕತ್ತಿಗೆ ಹಾಕಿಕೊಳ್ಳುತ್ತಿದ್ದ ಕಾಲವೊಂದಿತ್ತು. ಆ ಹಳೆಯ ಕೆಲಸವನ್ನು ಹೊಸ ವಿನ್ಯಾಸದಲ್ಲಿ ಮತ್ತೆ ಕೈಗೆತ್ತಿಕೊಂಡವಳು ಈ ಅಕ್ಕಸಾಲಿ ಹೆಂಗಸು. ಗಿರಾಕಿಗಳು ಅತ್ತರೆ ನೀರು ಕೊಡುತ್ತಿದ್ದಳು, ತಾನು ಅಳುತ್ತಿರಲಿಲ್ಲ. ಕೈ ನಡುಗಿದರೆ ಹೆಣಿಗೆ ಕೆಡುತ್ತದೆ.

ಒಂದು ಮಧ್ಯಾಹ್ನ ಅವಳ ಸೋದರತ್ತೆ ಬಂದು ಮೇಜಿನ ಮೇಲೊಂದು ಪೊಟ್ಟಣ ಇಟ್ಟಳು. ಒಳಗೆ ನರೆತ ಜಡೆ.

"ಮುಂದಿನ ವಾರ ನಂಗೆ ಆಪರೇಷನ್ನು. ಡಾಕ್ಟರು ಮುಖ ಸಪ್ಪಗೆ ಮಾಡ್ಕೊಂಡೇ ಮಾತಾಡ್ತಾರೆ. ನಾನು ಹೋದ್ಮೇಲೆ ಮಗಳಿಗೆ ಒಂದು ಪದಕ ಮಾಡಿ ಕೊಟ್ಬಿಡು."

"ಅತ್ತೆ, ಬಿಡ್ತು ಅನ್ನಿ."

"ಬಿಡ್ತು ಅಂದ್ರೆ ಜಡೆ ವಾಪಸ್ ಅಂಟ್ಕೊಳ್ಳುತ್ತಾ? ಪದಕಕ್ಕೆ ಸೂತಕದ ಕಪ್ಪು ಬಣ್ಣ ಮಾತ್ರ ಬೇಡ ಕಣೇ, ನಂಗೊಪ್ಪಲ್ಲ."

ಅಕ್ಕಸಾಲಿ ಬಿಳಿ ಬೆಳ್ಳಿಯಲ್ಲೇ ಮಾಡಿದಳು. ಕೂದಲನ್ನು ಚಾಪೆಯಂತೆ ಹೆಣೆದು, ಗಾಜು ಮುಚ್ಚಿ, ಅಂಚು ಮಡಚಿದಳು. ಎಲ್ಲ ಪದಕಗಳಂತೆ ಇದೂ ಒಂದು ಎಂದುಕೊಂಡೇ ಮುಗಿಸಿದಳು.

ಅತ್ತೆ ಸಾಯಲಿಲ್ಲ. ಗಾಯ ವಾಸಿಯಾದ ಮೇಲೆ ತಲೆಗೆ ಬಟ್ಟೆ ಸುತ್ತಿಕೊಂಡು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ಜೊತೆಗೆ ಮಗಳೂ ಇದ್ದಳು.

"ಎಲ್ಲಿ ನನ್ನ ಪದಕ? ಕೊಡು, ಇವಳ ಕತ್ತಿಗೆ ನಾನೇ ಹಾಕ್ತೀನಿ. ಸತ್ಮೇಲೆ ಇವಳ ಮುಖ ನೋಡೋಕಾಗುತ್ತಾ?"

ಮಗಳು ಪದಕವನ್ನು ಒಮ್ಮೆ ನೋಡಿ ಹಿಂದೆ ಸರಿದಳು. "ಆಸ್ಪತ್ರೆ ಬಾಗಿಲಲ್ಲಿ ನಾನು ಜೀವ ಕೈಲಿ ಹಿಡ್ಕೊಂಡು ಕೂತಿದ್ರೆ, ನೀನು ಇದನ್ನ ಮಾಡಿಸ್ತಾ ಇದ್ಯಾ? ನಾನು ಮುಟ್ಟಲ್ಲ." ಅವಳು ದಡದಡ ಇಳಿದುಹೋದಳು.

ಅತ್ತೆ ಅದನ್ನು ತಾನೇ ಹಾಕಿಕೊಂಡಳು. ಬಸ್ಸಿನಲ್ಲಿ ಯಾರಾದರೂ "ಯಾರು ಹೋಗಿದ್ದು?" ಎಂದು ಮರುಗಿದರೆ, "ನಾನೇ, ಆದ್ರೆ ವಾಪಸ್ ಬಂದೆ" ಎನ್ನುತ್ತಿದ್ದಳು.

ಕೆಲವು ವಾರ ಕಳೆದು ಮಗಳು ಒಬ್ಬಳೇ ಬಂದಳು. ತಾಯಿ ಮಲಗಿದ್ದಾಗ ಪದಕ ಬಿಚ್ಚಿ ತಂದಿದ್ದಳು. ಅಕ್ಕಸಾಲಿಯ ಕತ್ತರಿ ಎತ್ತಿಕೊಂಡು, ತನ್ನ ಕಿವಿಯ ಹಿಂದಿನ ಒಂದು ಕುಚ್ಚು ಕೂದಲು ಕತ್ತರಿಸಿ ಮುಂದಿಟ್ಟಳು.

"ಇದನ್ನೂ ಸೇರಿಸು ಅಕ್ಕ. ಸತ್ತವರದ್ದು ಅಂತ ಯಾರೂ ಅನ್ನಬಾರದು."

ಅಕ್ಕಸಾಲಿ ಅಂಚು ಎಬ್ಬಿಸಿ ಗಾಜು ತೆಗೆದಳು. ಮಗಳದು ಗುಂಗುರು ಕೂದಲು, ಚಿಮುಟದಲ್ಲಿ ನಿಲ್ಲದೆ ಜಾರುತ್ತಿತ್ತು. ಬೈದುಕೊಳ್ಳುತ್ತಲೇ ಹೆಣೆದಳು. ಕೆಲಸ ಮುಗಿದಾಗ ಕಣ್ಣು ಒದ್ದೆಯಾಗಿತ್ತು. ಅಂಟಿನ ವಾಸನೆ ಎಂದಳು. ಮಗಳು ಅವಳ ಮುಂದೆ ನೀರಿನ ಲೋಟ ಸರಿಸಿದಳು.

ಪದಕ ಈಗ ಯಾರ ಕತ್ತಿನಲ್ಲಿರಬೇಕೆಂದು ತಾಯಿ ಮಗಳ ನಡುವೆ ಜಗಳ ನಡೆದೇ ಇದೆ.