ಬ್ರೇಕ್ ಒತ್ತುವ ಕಾಲು

ಬಸ್ಸು ಕಣಿವೆಗೆ ಉರುಳಿತ್ತು. ಚಾಲಕ ಎಲಿಯೆಸೆರ್‌ನ ಕಾಲುಗಳು ಚಿವುಟಿದರೂ ಅಲುಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಲೆಂದು ನಾನು ಅವನ ಕೊರಳಿನಿಂದ ಚಾಲಕರನ್ನು ಕಾಯುವ ಕಾರ್ಮೆನ್ ಮಾತೆಯ ಪದಕ ಬಿಚ್ಚಿದಾಗ ಅವನ ಹೆಂಡತಿ ಒತಿಲಿಯಾ ನನ್ನ ಮೇಲೆ ಹರಿಹಾಯ್ದಳು.

“ಡ್ರೈವರ್ ಮೈಮೇಲಿಂದ ತಾಯೀನ ತೆಗೀತಾರೇನೇ?”

“ಲೋಹ ಇದ್ರೆ ಕತ್ತಿನ ಚಿತ್ರ ಕೆಡುತ್ತಮ್ಮಾ.”

“ಹಂಗಾದ್ರೆ ಬೇರೆಲ್ಲಾದ್ರೂ ಕಟ್ಟು. ಆ ಗವಿಯೊಳಗೆ ಅವನೊಬ್ಬನೇ ಹೋಗೋದು ಬೇಡ.”

ಸ್ಕ್ಯಾನ್ ತೊಡೆಯವರೆಗೆ ಮಾತ್ರ. ನಾನು ಗೊಣಗುತ್ತಲೇ ಪದಕವನ್ನು ಅವನ ಬಲಗಾಲಿನ ಹೆಬ್ಬೆರಳಿಗೆ ತೂಗುಹಾಕಿದೆ.

“ಬ್ರೇಕ್ ಒತ್ತೋ ಕಾಲು,” ಅಂದಳು. “ಸರಿಯಾದ ಜಾಗ.”

ಇಬ್ಬರೂ ಗಾಜಿನ ಈಚೆ ನಿಂತೆವು. ಮೇಜು ಒಳಗೆ ಜಾರಿ ನಿಂತಿತು. ತೆರೆಯ ಮೇಲೆ ಚಿತ್ರ ಮೂಡುವ ಮೊದಲೇ ಅವನ ಹೆಬ್ಬೆರಳು ಮೆಲ್ಲಗೆ ಮಡಚಿಕೊಂಡಿತು, ಪದಕ ತೂಗಾಡಿತು.

ಒತಿಲಿಯಾ ನನ್ನ ತೋಳು ಹಿಡಿದಳು. “ನೋಡೇ, ಬ್ರೇಕ್ ಹಾಕ್ತಾ ಇದ್ದಾನೆ!”